ಎಡಗಡೆಯ ಪೆಡಲು

ಮಂಗೋರ್ ಗುಡ್ಡದ ಬುಡಕ್ಕೆ ನನ್ನ ವೈಂಡಿಂಗ್ ಅಂಗಡಿ.
ಸುಟ್ಟ ಫ್ಯಾನು, ಮಿಕ್ಸರು, ನೀರಿನ ಪಂಪು.
ತಾಮ್ರದ ತಂತಿ ಬಿಚ್ಚಿ ಮತ್ತೆ ಸುತ್ತುವುದೇ ನನ್ನ ಅನ್ನ.
ಹುಚ್ಚೀರಪ್ಪ ಬಂದದ್ದು ಜೂನಿನಲ್ಲಿ, ಸೈಕಲ್ ನೂಕಿಕೊಂಡು.
ಹಿಂದೆ ಬಿದಿರ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್ಕು,
ಒಳಗೆ ಮಾರದೆ ಉಳಿದ ಆರು ಪೊಯಿ.

"ಮೀರಾಸಾಬ, ಏರು ಹತ್ತಾಕ ಆಗವಲ್ದು.
ಒಂದು ಮೋಟಾರು ಕಟ್ಟು ಇದಕ್ಕ.
ಆದ್ರ ಸ್ಕೂಟರ್ ಮಾಡಬ್ಯಾಡ.
ತುಳಿದ ಬ್ರೆಡ್ ಮಾರಿದ್ರ
ಹಾರ್ನ್ ಒತ್ತೋ ಕೈಗೂ ತಾಳ ಇರತೈತಿ."

ಅಗ್ಗದ ಸೆನ್ಸರ್ ಒಂದಿದೆ, ಅಯಸ್ಕಾಂತ ಕೂರಿಸಿದ ಬಿಲ್ಲೆ.
ಅದು ಕೇಳುವುದು ಒಂದೇ: ತಿರುಗುತ್ತಿದೆಯೋ, ಇಲ್ಲವೋ?
ಕಾಲು ಸುಮ್ಮನೆ ಗಾಳಿ ಕಲಸಿದರೂ
ಹೂಂ ಅಂದು ಕರೆಂಟು ಸುರಿಯುತ್ತದೆ,
ಎಲೆ ನೋಡದೆ ಬಡಿಸುವವನ ಹಾಗೆ.

ನಾನು ತರಿಸಿದ್ದು ಇನ್ನೊಂದು.
ಎರಡು ಪೆಡಲಿನ ನಡುವೆ ಹಾಯುವ ಅಚ್ಚಿಗೆ
ಕೂದಲೆಳೆಯ ತಂತಿಪಟ್ಟಿ ಅಂಟಿಸಿದ್ದು.
ತುಳಿದರೆ ಉಕ್ಕು ತಿರುಚುತ್ತದೆ.
ಹೌದು, ಉಕ್ಕು.
ಕಣ್ಣಿಗೆ ಕಾಣುವಷ್ಟಲ್ಲ, ಬೆರಳಿಗೆ ತಿಳಿಯುವಷ್ಟೂ ಅಲ್ಲ.
ಪಟ್ಟಿ ಅದರ ಜೊತೆ ಹಿಗ್ಗಿ, ತಡೆ ಒಂಚೂರು ಏರಿ,
ಮುಕ್ಕಾಲು ವೋಲ್ಟು ಒಂದಾಗುತ್ತದೆ, ಒಂದೂವರೆಯಾಗುತ್ತದೆ.
ಕಂಟ್ರೋಲರ್ ಅದನ್ನೋದಿ, ಗುಣಿಸಿ
ಹಿಂದಿನ ಗಾಲಿಗೆ ಹೇಳಿಕಳಿಸುತ್ತದೆ:
ಅವನದಿಷ್ಟು, ನಿನ್ನದು ಅದರ ಮೂರು ಪಟ್ಟು.
ಅವನು ಸೊನ್ನೆಯಾದರೆ ನೀನೂ ಸೊನ್ನೆ.

ಎಣ್ಣೆ ಡಬ್ಬಿ ಕತ್ತರಿಸಿ ಬ್ಯಾಟರಿಗೆ ಮನೆ ಮಾಡಿದೆ,
ಮಳೆ ಹೊಗದಂತೆ ಬಾಯಿಗೆ ಹಳೇ ಟ್ಯೂಬು ಬಿಗಿದೆ.
ಕಾಯತಾನನ ಭಟ್ಟಿಯಿಂದ ನಸುಕಿನ ನಾಲ್ಕಕ್ಕೆ ಹೊರಟವನು
ಐದಕ್ಕೆ ನನ್ನ ಬಾಗಿಲು ಬಡಿದ.
"ನಿನ್ನ ಮೋಟಾರಿಗೆ ನಿದ್ದಿ."

ನಾನು ಹತ್ತಿದೆ. ಹಾರಿತು.
ಅವನು ಹತ್ತಿದ. ಕಲ್ಲು.

ಬ್ರೇಕು ಹಿಡಿಸಿ, ಮೀಟರ್ ಹಚ್ಚಿ ಕೂತೆ.
ಬಲಗಾಲು ಒತ್ತಿದ. ಅಂಕಿ ಅಲ್ಲಾಡಲಿಲ್ಲ.
ಅದು ನನಗೆ ಗೊತ್ತಿದ್ದದ್ದೇ:
ಈ ಜಾತಿಯ ಸೆನ್ಸರಿಗೆ ಬಲಗಿವಿ ಇಲ್ಲ.
ಬಲದ ಒತ್ತಡ ಅಚ್ಚು ಮುಟ್ಟದೆ ನೇರ ಚೈನಿಗೆ ಹೋಗುತ್ತದೆ,
ಎಡದ್ದು ಮಾತ್ರ ಅಚ್ಚಿನೊಳಗಿಂದ ಹಾದು ಬರಬೇಕು.
"ಎಡಗಾಲು ಒತ್ತು."
ಮುಕ್ಕಾಲು. ಮುಕ್ಕಾಲರ ಮೇಲೊಂದು ಚೂರು.
"ಒತ್ತೋ."
"ಒತ್ತೇನಲ್ಲ."

ಆಮೇಲೆ ಬಹಳ ಹೊತ್ತು ಮಳೆಯೇ ಮಾತಾಡಿತು.
ಅದಿರಿನ ಬಾರ್ಜು, ಹರಿದ ಹಗ್ಗ, ತೊಡೆಯೊಳಗಿನ ಸರಳು.
ಹನ್ನೆರಡು ವರ್ಷ.
ಕುಂಟನಿಗೆ ಬುಟ್ಟಿ ಯಾರು ಕೊಡತಾರ ಅಂತ
ಕಾಯತಾನನಿಗೂ ಹೇಳಿರಲಿಲ್ಲ, ಹೆಂಡತಿಗೆ ಅರ್ಧ ಹೇಳಿದ್ದ.
ಅಷ್ಟೂ ದಿನ ಬಲಗಾಲೇ ಎರಡು ಕಾಲಿನ ದುಡಿಮೆ ದುಡಿದು,
ಎಡದ್ದು ಬೀಗರ ಹಾಗೆ ಪೆಡಲಿನ ಮೇಲೆ ಕೂತು ಸುತ್ತುತ್ತಿತ್ತು.

ಮೂರು ಪಟ್ಟನ್ನು ಒಂಬತ್ತಕ್ಕೇರಿಸಿದೆ.
ಪಿಸುಮಾತಿಗೂ ಓಡಿಬರಲಿ ಅಂತ.
"ಒಂದು ನೆನಪಿಡು. ಚಾಲೂ ಮಾಡುವಾಗ
ಪೆಡಲ್ ಮೇಲೆ ಕಾಲಿಡಬೇಡ.
ಆಗ ಎಷ್ಟು ಭಾರ ಇರುತ್ತದೋ
ಅದನ್ನೇ ಅದು ಸೊನ್ನೆ ಅಂದುಕೊಳ್ಳುತ್ತದೆ."
ಹುಚ್ಚೀರಪ್ಪ ನಕ್ಕ.
"ನಾನೂ ಹಂಗ ಅಂದ್ಕೊಂಡಿದ್ದೆ, ಬಿಡು."

ಅವನು ಗುಡ್ಡ ಹತ್ತಿದ.
ಪೊಂ ಪೊಂ ಸದ್ದು ಒಂದೊಂದೇ ತಿರುವು ಮೇಲೇರಿ
ನೀರಿನ ಟ್ಯಾಂಕಿನ ಹತ್ತಿರ ಕೇಳಿಸಿತು.

ಇದನ್ನು ಅವನಿಗೆ ಹೇಳಿಲ್ಲ:
ಭಾನುವಾರ ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ
ಕೇಬಲ್ ಸಿಕ್ಕಿಸಿ ಒಂದಿಷ್ಟು ಇಳಿಸುತ್ತ ಬಂದೆ.
ಎಂಟೂವರೆ. ಎಂಟು.
ಚೌತಿಯ ಹೊತ್ತಿಗೆ ಏಳು.
ದೀಪಾವಳಿ ಕಳೆದು ಐದು.
ತಪ್ಪೋ ಏನೋ. ಡಾಕ್ಟರನ್ನು ಕೇಳಿರಲಿಲ್ಲ,
ಅವನನ್ನೇ ಕೇಳಿರಲಿಲ್ಲ.

ಮೊನ್ನೆ ಬಂದು ಸ್ಟೂಲಿನ ಮೇಲೆ ಕೂತ.
"ಈ ಗುಡ್ಡ ಇತ್ತಿತ್ತಲಾಗ ಎತ್ತರ ಆಗೇತಿ, ಅಲ್ಲ?"
"ಮಳಿಗೆ ರಸ್ತೆ ಕೊಚ್ಚೇತಿ," ಅಂದೆ, ತಂತಿ ಸುತ್ತುತ್ತ.
ಅವನು ನನ್ನ ಮುಖ ನೋಡಿದ. ಕೇಬಲ್ ನೋಡಿದ.
ಬಳೆಯಂಥ ಕಾಂಕಣವೊಂದನ್ನು ಮೇಜಿನ ಮೇಲಿಟ್ಟು
ಸೈಕಲ್ ತಿರುಗಿಸಿ,
ಎಡಗಾಲಿನಿಂದ ಮೊದಲ ತುಳಿತ ತುಳಿದ.

ಆವತ್ತು ನಾನು ಮೀಟರ್ ಹಚ್ಚಿರಲಿಲ್ಲ.